ಜೋಳದ ನಾಲ್ಕು ಚೌಕಗಳು

ನನ್ನ ತಪ್ಪನ್ನು ನನಗೆ ತೋರಿಸಿಕೊಟ್ಟವರು ಯಾರು ಎಂಬುದು ಈಗ ಖಾತ್ರಿಯಿಲ್ಲ. ನಾನೇ ಕಂಡುಕೊಂಡೆ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಅದು ಸುಳ್ಳಿರಬೇಕು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ತನಗೆ ಅನುಕೂಲವಾದ ಸಾಕ್ಷ್ಯವನ್ನೇ ಮೊದಲು ಶಂಕಿಸಬೇಕೆಂದು ಕಲಿತವನು.

ಎಪ್ಪತ್ತರ ದಶಕದ ಮೊದಲಲ್ಲಿ ಬಸವಕಲ್ಯಾಣದ ಒಂದು ಉರ್ದು ಶಾಲೆಯಲ್ಲಿ ಶನಿವಾರಗಳಂದು ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಿದ್ದೆ. ಧಾರವಾಡದ ಕಡೆಯಿಂದ ಸರ್ಕಾರಿ ಕೆಲಸದ ಮೇಲೆ ಬಂದವನು. ಬಾಡಿಗೆ ಮನೆಯ ಓಣಿಯಲ್ಲಿ ಕಿವಿಗೆ ಬಿದ್ದಷ್ಟು ಉರ್ದು ಮಾತು ಬರುತ್ತಿತ್ತು. ಅಕ್ಷರ ಒಂದೂ ಗೊತ್ತಿರಲಿಲ್ಲ. ನಾನು ಬಾಯಿ ತೆರೆದರೆ ಹಿಂದಿನ ಸಾಲು ನಗುತ್ತಿತ್ತು. "ಸರ್, ಕನ್ನಡದಾಗ ಹೇಳ್ರಿ, ನಮಗ ತಿಳೀತೈತಿ," ಎಂದು ಕೆಣಕುತ್ತಿದ್ದರು. ಹಟಕ್ಕೆ ಬಿದ್ದು ಉರ್ದುವಿನಲ್ಲೇ ಮುಂದುವರಿಸುತ್ತಿದ್ದೆ.

ಆ ವರ್ಷ ಬೀದರಿನಲ್ಲಿ ಮಕ್ಕಳ ಚಿತ್ರ ಪ್ರದರ್ಶನವಿತ್ತು. ಯಾರ ಚಿತ್ರ ಆಯ್ಕೆಯಾಗುತ್ತದೋ ಅವರನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಮುಂದಿನ ಸಾಲಿನ ಒಬ್ಬ ಹುಡುಗಿಗೆ ಬಹುಮಾನ ಬೇಕಿರಲಿಲ್ಲ, ಬಸ್ಸು ಬೇಕಿತ್ತು. ಅವಳ ಅಕ್ಕನನ್ನು ಬೀದರಿಗೆ ಕೊಟ್ಟಿದ್ದರು; ಮದುವೆಯ ನಂತರ ಇವಳು ಅವಳನ್ನು ನೋಡಿರಲಿಲ್ಲ. ಇದು ಇಡೀ ತರಗತಿಗೆ ಗೊತ್ತಿತ್ತು.

ಹಾಳೆಯಲ್ಲಿ ನಾಲ್ಕು ಚೌಕ ಹಾಕಿ, ಜೋಳ ಬಿತ್ತುವುದರಿಂದ ರೊಟ್ಟಿಯವರೆಗೆ ಬರೆಯಿರಿ ಎಂದೆ. ಅವಳ ಹಾಳೆ ಎತ್ತಿಕೊಂಡು ನೋಡಿದೆ: ರೊಟ್ಟಿ, ತೆನೆ, ಮೊಳಕೆ, ಕಾಳು. "ನಿಮ್ಮ ಮನೆಯಲ್ಲಿ ರೊಟ್ಟಿ ಬಿತ್ತಿ ಕಾಳು ಬೆಳೆಯುತ್ತಾರೇನು?" ಎಂದು ಹರಕು ಉರ್ದುವಿನಲ್ಲಿ ಕೇಳಿದೆ. ತರಗತಿ ನಕ್ಕಿತು. ಆ ಒಂದು ಸಲ ನನ್ನ ಉರ್ದು ಎಲ್ಲರಿಗೂ ತಿಳಿದಿತ್ತು. ಅವಳ ಹಾಳೆಯನ್ನು ಪಕ್ಕಕ್ಕಿಟ್ಟು, ಉಳಿದವನ್ನು ತಿರುವಿಯೂ ನೋಡದೆ ಅಂದೇ ಹುಮನಾಬಾದಿಗೆ ಕಳಿಸಿದೆ. ಸುತ್ತಲ ಶಾಲೆಗಳ ಚಿತ್ರಗಳೆಲ್ಲ ಅಲ್ಲಿನ ಕಚೇರಿಯಲ್ಲಿ ಸೇರಿ ಬೀದರಿಗೆ ಹೋಗಬೇಕಿತ್ತು.

ಆಮೇಲೆ ಒಂದು ದನಿ: "ಈ ಕಡಿಂದ ನೋಡ್ರಿ ಸರ್. ನಾವು ಬಲಗಡಿಂದ ಬರಿತೀವ್ರಿ." ನೆನಪಿನಲ್ಲಿ ಅದು ಕೆಲವು ದಿನ ಆ ಹುಡುಗಿಯ ದನಿಯೆಂದೇ ಕೇಳಿಸುತ್ತದೆ. ಇನ್ನು ಕೆಲವು ದಿನ ಅದೇ ಸಂಗತಿಯನ್ನು ಪಕ್ಕದ ಕೋಣೆಯ ಹಿರಿಯ ಮೇಷ್ಟ್ರು ಎಲೆ ಅಗಿಯುತ್ತ ಹೇಳುತ್ತಾರೆ: "ಏನ್ ಸಾಹೇಬ್ರ, ಇಷ್ಟು ಓದೀರಿ, ಹಾಳಿ ಯಾ ಕಡಿಂದ ನೋಡಬೇಕಂತ ಯಾರೂ ಕಲಿಸಲಿಲ್ಲೇನು?" ಇಬ್ಬರೂ ಹೇಳಿರಬಹುದು. ಒಬ್ಬರೂ ಹೇಳದೆ ಇರಲು ಮಾತ್ರ ಸಾಧ್ಯವಿಲ್ಲ.

ಸೋಮವಾರ ಹಾಳೆ ಹಿಡಿದು ಹುಮನಾಬಾದಿನ ಬಸ್ಸು ಹತ್ತಿದೆ. ಮಡಚೀತೆಂದು ಅಂಗಿಯೊಳಗಿಟ್ಟು ದಾರಿಯುದ್ದಕ್ಕೂ ನೆಟ್ಟಗೆ ಕುಳಿತಿದ್ದೆ. "ಎಲ್ಲಾ ಕಟ್ಟಿ ಇಟ್ಟೀವ್ರಿ, ಈಗ ಬಿಚ್ಚಾಕ ಆಗೂದಿಲ್ಲ," ಎಂದ ಗುಮಾಸ್ತ. ನಾನು ಜಗಳವಾಡಿದೆನೋ, ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಸುಮ್ಮನೆ ಬಂದೆನೋ. ಜಗಳವೇ ನೆನಪಿದೆ, ಆದರೆ ಅದರಲ್ಲಿ ನನ್ನ ಮಾತುಗಳು ತೀರಾ ಚೆನ್ನಾಗಿವೆ, ಅದಕ್ಕೇ ಅನುಮಾನ. ಅದೇ ವಾರ ನನಗೆ ಬೇರೆ ಊರಿಗೆ ವರ್ಗವಾಯಿತು. ಮಕ್ಕಳ ಬಸ್ಸು ಹೊರಟ ದಿನ ನಾನಲ್ಲಿರಲಿಲ್ಲ. ಪತ್ರ ಬರೆದು ಕೇಳಬಹುದಿತ್ತು. ಕೇಳಲಿಲ್ಲ.

ಎಂಬತ್ತರ ದಶಕದಲ್ಲಿ ಬೇರೆ ಕೆಲಸಕ್ಕೆ ಹುಮನಾಬಾದಿಗೆ ಹೋದವನು ಆ ಕಚೇರಿ ಹೊಕ್ಕು ಹಳೆಯ ಕಡತ ತೆಗೆಸಿದೆ. ಬೀದರಿಗೆ ಹೋಗಿಬಂದ ಮಕ್ಕಳ ಪಟ್ಟಿಯ ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, ಅವಳ ಹೆಸರಿತ್ತು. ಸೇರಿಸಿದ ಕೈಬರಹ ನನ್ನದಲ್ಲ.