ಕೊನೆಯವಳು ಗೆರೆ ಮುಟ್ಟುವವರೆಗೆ

ಮೊನ್ನೆ ಗ್ಯಾರೇಜು ಖಾಲಿ ಮಾಡುವಾಗ ಮಗಳ ಹಳೆಯ ಐಸ್ ಹಾಕಿ ಗ್ಲೌಸು ಕೈಗೆ ಸಿಕ್ಕಿತು. ಮೂಸಿದೆ, ಮೂಸಬಾರದಿತ್ತು. ಆ ನಾತ ಗೊತ್ತಿಲ್ಲದವರು ಪುಣ್ಯವಂತರು. ಒದ್ದೆ ಕಾಲುಚೀಲದಲ್ಲಿ ಹುಳಿ ಮಜ್ಜಿಗೆ ಕಟ್ಟಿಟ್ಟ ಹಾಗೆ... ವಾಕರಿಕೆ ಬಂತು. ಹಿಂದೆಯೇ ಕೋಚಮ್ಮನ ನೆನಪೂ ಬಂತು. ವಾಕರಿಕೆ ಹೆಚ್ಚಾಯಿತು, ಅವರ ಮೇಲಲ್ಲ, ನನ್ನ ಮೇಲೆ.

ನಾಟಿಂಗ್‌ಹ್ಯಾಮಿನಲ್ಲಿ ಟ್ರ್ಯಾಮ್ ಓಡಿಸುತ್ತಿದ್ದ ಹೆಂಗಸು ಅವರು. ಮನೆಯಲ್ಲಿ ನಾವು ಕೋಚಮ್ಮ ಎನ್ನುತ್ತಿದ್ದೆವು. ಅವರು ಮಾತ್ರ ಅಲ್ಲಿಯ ರೂಢಿಯಂತೆ ಎಲ್ಲರಿಗೂ ಅಕ್ಕರೆಯಿಂದ ‘ಡಕ್’ ಎನ್ನುತ್ತಿದ್ದರು. ಶನಿವಾರ ಬೆಳಿಗ್ಗೆ ಹುಡುಗಿಯರ ಐಸ್ ಹಾಕಿ ತಂಡಕ್ಕೆ ಕಲಿಸಲು ಬರುವರು. ಟ್ರ್ಯಾಮ್ ಡ್ಯೂಟಿಯ ಹಳೆಯ ರೋಟಾ ಹಾಳೆಯ ಬೆನ್ನಿಗೆ ಅಂದಿನ ಅಭ್ಯಾಸವನ್ನೆಲ್ಲ ನಿಮಿಷವಾರು ಬರೆದು ರಿಂಕಿನ ಗಾಜಿಗೆ ಅಂಟಿಸುವರು. ವೇಗದವಳಿಗೆ ನಿಧಾನದವಳು ಜೋಡಿ. ಕೊನೆಯವಳು ಗೆರೆ ಮುಟ್ಟುವವರೆಗೆ ಯಾರ ಓಟವೂ ಮುಗಿದಂತಲ್ಲ. ಎಲ್ಲರಿಗಿಂತ ವೇಗ ನನ್ನ ಮಗಳದು. ಅವಳಿಗೆ ಜೋಡಿಯಾಗಿ ಸಿಕ್ಕವಳು ಹತ್ತು ಹೆಜ್ಜೆಗೊಮ್ಮೆ ಬೀಳುವ ಹುಡುಗಿ. ಮಗಳು ವಾಪಸು ಹೋಗಿ ಅವಳನ್ನು ಎಬ್ಬಿಸಿ, ಕೈಹಿಡಿದು ಕರೆತರುತ್ತಿದ್ದಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಂಗಳೂರಿನಲ್ಲಿ ಟ್ಯೂಷನ್ನಿಂದ ಟ್ಯೂಷನ್ನಿಗೆ ಓಡಿ ರ‍್ಯಾಂಕ್ ತೆಗೆದ ತಲೆ ಇದು. ಮೊಸರಲ್ಲಿ ಕಲ್ಲು ಹುಡುಕುವುದರಲ್ಲಿ ಆಫೀಸಿನಲ್ಲೂ ಹೆಸರುವಾಸಿ. ಸ್ಟಾಪ್‌ವಾಚ್ ಹಿಡಿದು ಕೂತೆ. ಆರು ವಾರ, ಮಗಳು ‘ಸುಮ್ಮನೆ’ ಕಾದು ನಿಂತ ಹೊತ್ತನ್ನೆಲ್ಲ ಅಳೆದು, ಬಣ್ಣಬಣ್ಣದ ಚಾರ್ಟು ಮಾಡಿ, ಕ್ಲಬ್ಬಿನ ಸಮಿತಿಗೆ ದೂರು ಬರೆದೆ. ಬೇರೆ ಅಪ್ಪಂದಿರಿಂದಲೂ ಸಹಿ ಹಾಕಿಸಿದೆ. ಅವರನ್ನು ಒಪ್ಪಿಸುವುದು ಕಷ್ಟವೇನೂ ಆಗಲಿಲ್ಲ.

ಸಮಿತಿಯವರು ಕೋಚಮ್ಮನನ್ನು ತಂಡದಿಂದ ಬಿಡಿಸಿದರು. ಕಡೆಯ ದಿನ ಅವರು ಗಾಜಿನ ಮೇಲಿದ್ದ ಹಾಳೆ ಕಿತ್ತು ಮಡಿಸುತ್ತಾ ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ.

“ಅವಳು ಕಾಯ್ತಿದ್ದಾಗ ನೀವು ವಾಚ್ ನೋಡಿದ್ರಿ, ಡಕ್. ಒಂದ್ಸಲ ಅವಳ ಮುಖ ನೋಡಬೇಕಿತ್ತು” ಎಂಬರ್ಥದ ಮಾತು ಅವರ ಇಂಗ್ಲಿಷಿನಲ್ಲಿ ಬಂತು. ಅದಕ್ಕೆ ನಾನು ಥ್ಯಾಂಕ್ಯೂ ಅಂದೆ. ಥೂ, ಥ್ಯಾಂಕ್ಯೂ ಅಂದೆ.

ಹೊಸ ಕೋಚ್ ಬಂದರು, ಜೋಡಿಗಳು ಹೋದವು. ಬೀಳುವ ಹುಡುಗಿ ಎರಡು ವಾರ ಬೆಂಚಿನಲ್ಲಿ ಕೂತು, ಆಮೇಲೆ ಬರುವುದನ್ನೇ ಬಿಟ್ಟಳು. ಮಗಳ ತಂಡ ಕಪ್ ಗೆದ್ದಿತು. ನೆಂಟರಿಗೆಲ್ಲ ವಾಟ್ಸಾಪಿನಲ್ಲಿ ಫೋಟೊ ಹಂಚಿದವನೂ ನಾನೇ. ಫೋಟೊದಲ್ಲಿ ಅವಳು ನಗುತ್ತಿರಲಿಲ್ಲ ಎನ್ನುವುದು ಕಣ್ಣಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ...

ಹೋದ ಚಳಿಗಾಲ ಕೋಚಮ್ಮ ತೀರಿಕೊಂಡರಂತೆ. ಮಗಳು ಮಣ್ಣಿಗೆ ಹೋಗಿ ಬಂದಿದ್ದಳು. ನನಗೆ ಹೇಳಿದ್ದು ತಿಂಗಳಾದ ಮೇಲೆ. ಕ್ಷಮೆ ಕೇಳಬೇಕೆಂದು ನಾನು ಅಂದುಕೊಳ್ಳುತ್ತಲೇ ಉಳಿದಿದ್ದೆ. ಇನ್ನು ಯಾರನ್ನು ಕೇಳಲಿ?

ಗ್ಲೌಸನ್ನು ಕಸದ ಬಿನ್ನಿಗೆ ಹಾಕಿದೆ. ಮರುದಿನ ಭಾನುವಾರ, ಮಗಳ ಜೊತೆ ಟಿವಿಡೇಲ್ ದೇವಸ್ಥಾನಕ್ಕೆ ಹೋದೆ. ಈಚೆಗೆ ನನಗೆ ಮಂಡಿ ಹಿಡಿದುಕೊಳ್ಳುತ್ತದೆ. ಅವಳು ದಡದಡನೆ ಮೆಟ್ಟಿಲೇರಿದಳು. ಅರ್ಧದಲ್ಲೇ ಕಂಬಿ ಹಿಡಿದು ನಿಂತು, “ಸ್ವಲ್ಪ ನಿಲ್ಲೇ ಪುಟ್ಟಿ” ಎಂದೆ.

ನಿಂತಳು. ತಿರುಗಿ ನೋಡಲಿಲ್ಲ. ತೋಳು ಸರಿಸಿ ವಾಚ್ ನೋಡಿಕೊಂಡಳು.