ಬ್ಯಾಂಡಿನವರು ಹಾಕಿದ ಹಾರ

ಆವತ್ತು ಸಂಜೆ ರಾಜಾಜಿನಗರದ ಕ್ಲಬ್ಬಿಗೆ ಹಾರ ಕೊಡೋಕೆ ಹೋದೆ. ಬೆಲ್‌ಬಾಟಂ ಹುಡುಗರು ಗಿಟಾರ್ ಹಿಡಿದು ತಾವೇ ಕಟ್ಟಿದ ಹಾಡು ಹಾಡ್ತಾರಂತೆ. ಯಾರ ಮಗಳು ಯಾರ ಪಕ್ಕ ಕೂತಿದಾಳೆ ಅಂತಲೂ ನೋಡ್ಕೊಂಡು ಬರೋಣ ಅಂತ. ನೋಡಿದರೆ ಕುರ್ಚಿಯೆಲ್ಲ ಖಾಲಿ, ಮುಖ್ಯ ಅತಿಥಿಯೂ ನಾಪತ್ತೆ.

"ಅತಿಥಿಗೆ ಹಾರ ಹಾಕದೆ ಶುರು ಮಾಡೋ ಹಾಗಿಲ್ಲ, ಮನೆಗೆ ಹೋಗ್ರೋ," ಅಂದ ಕ್ಲಬ್ಬಿನ ಕಾರ್ಯದರ್ಶಿ.

ಡ್ರಮ್ ಹುಡುಗ ನನ್ನ ಕಡೆ ತಿರುಗಿದ. "ನೀವೇ ಅತಿಥಿ ಅಜ್ಜಿ, ಕೂತ್ಕೊಳ್ಳಿ."

"ಲೋ, ಗಂಡ ಸತ್ತವಳು ಕಣೋ ನಾನು. ಹೂವು ಮಾರ್ತೀನಿ, ಮುಡಿಯಲ್ಲ."

"ಇದು ಕೊರಳಿಗೆ ತಾನೇ ಅಜ್ಜಿ!"

ಹಾಕೇಬಿಟ್ಟ. ಹಾಡು ಒಂದೂ ತಿಳೀಲಿಲ್ಲ, ಆದರೆ ನನ್ನನ್ನೇ ನೋಡ್ಕೊಂಡು ಹಾಡಿದರು. ನಮ್ಮ ಬೀದಿಯ ಬೇರೆ ಯಾವಳಾದರೂ ಹೀಗೆ ಕೂತಿದ್ದರೆ ವಾರವೆಲ್ಲ ಆಡಿಕೊಳ್ತಿದ್ದೆ. ನನ್ನದನ್ನು ನೋಡೋಕೆ ಬೀದಿಯ ಒಂದು ನರಪಿಳ್ಳೆಯೂ ಇರಲಿಲ್ಲ. ಮಾರನೇ ದಿನ ಬೆಳಿಗ್ಗೆ ನಲ್ಲಿ ಹತ್ತಿರ ನಾನೇ ಹೇಳ್ಕೊಂಡೆ, ಯಾರೂ ನಂಬಲಿಲ್ಲ.