ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕಾಗಿ

ಕಳೆದ ವಾರ ನಾನೊಂದು ಕ್ಷಮಾಪಣೆ ವಾಪಸ್ ಪಡೆದೆ.

ಬಾಯಿಮಾತಿನ ಕ್ಷಮಾಪಣೆಯಲ್ಲ. ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆದು, ಸಹಿ ಹಾಕಿಸಿ, ತೆರಿಗೆ ಕಚೇರಿಯ ಸೀಲು ಒತ್ತಿಸಿಕೊಂಡು ಬಂದ ಕ್ಷಮಾಪಣೆ. ಕೊಟ್ಟಿದ್ದನ್ನು ವಾಪಸ್ ಕೇಳುವುದು ಎಷ್ಟು ಕಷ್ಟ ಗೊತ್ತಾ? (ಓದೋಕೆ ಪುಸ್ತಕ ಕೊಟ್ಟು ಕಳೆದುಕೊಂಡವರಿಗೆ ಸ್ವಲ್ಪ ಅಂದಾಜಿರಬಹುದು.)

ಎಲ್ಲ ಶುರುವಾಗಿದ್ದು ನಮ್ಮ ತಿಪ್ಪೇಸ್ವಾಮಿ ಅಣ್ಣನಿಂದ. ದೊಡ್ಡಪ್ಪನ ಮಗ. ತುರುವನೂರಿನವನು, ಈಗ ದುರ್ಗದಲ್ಲಿ ಮನೆ. ಸರ್ಕಾರಿ ಕೆಲಸ ಹಿಡಿಯುವ ಸಣ್ಣ ಕಂಟ್ರಾಕ್ಟರ್. ಶಾಲೆ ಕಾಂಪೌಂಡು, ಚರಂಡಿ, ಮೋರಿ, ಇಂಥವು. ಅವನ ಬಂಡವಾಳ ಅಂದರೆ ಒಂದು ಕಾಂಕ್ರೀಟ್ ಮಿಕ್ಸರ್.

ನಮ್ಮದು ಕುರಿ ಕಾಯ್ದ ಮನೆತನ. ಅದರಲ್ಲಿ ಡಿಗ್ರಿ ಅಂತ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳೋಕೆ ನನಗೆ ಸಂಕೋಚವಿಲ್ಲ, ಅದು ಸುಮ್ಮನೆ ಬಂದದ್ದಲ್ಲ. ಕೊನೆ ವರ್ಷದ ಪರೀಕ್ಷೆ ಫೀಸಿಗೆ ಅಣ್ಣ ತಾನು ಸಾಕಿದ ಟಗರು ಮಾರಿದ್ದ. "ಬಿ.ಎ. ಪಾಸಾಗಿದ್ದು ನೀನಲ್ಲ ಕಣೇ, ನನ್ನ ಟಗರು" ಅಂತ ಈಗಲೂ ನೆಂಟರ ಮುಂದೆ ಹೇಳುತ್ತಾನೆ.

ಆ ಟಗರಿನ ಋಣ ತೀರಿಸೋ ದಿನ ಬಂತು. ಅಣ್ಣ ಒಂದು ನೋಟಿಸು ಹಿಡಿದುಕೊಂಡು ಮನೆಗೆ ಬಂದ.

"ಏನೈತೆ ಓದು. ಇಂಗ್ಲಿಷ್‌ನಾಗೆ ಐತೆ ಅಂದ್ರೆ ಒಳ್ಳೇದಂತೂ ಇರಲ್ಲ."

ಓದಿದೆ. ಐದು ವರ್ಷದ ಹಿಂದೆ ಅಣ್ಣ ಹೊಸದುರ್ಗದ ಕಡೆ, ಮಾಡದಕೆರೆಗೆ ಹೋಗೋ ದಾರಿಯಲ್ಲಿ ಒಂದು ಮೋರಿ ಕಟ್ಟಿದ್ದ. ಬಿಲ್ಲು ಪಾಸಾಗುವಾಗ, ಆಗ ಇದ್ದ ಕಾನೂನಿನ ಪ್ರಕಾರ ತೆರಿಗೆಯನ್ನೂ ಕಟ್ಟಿದ್ದ. ಈ ವರ್ಷ ಆ ಕಾನೂನಿಗೆ ತಿದ್ದುಪಡಿ ಬಂದಿದೆ. ತೆರಿಗೆ ಜಾಸ್ತಿಯಾಗಿದೆ. ಅದೇನೂ ಆಶ್ಚರ್ಯವಲ್ಲ. ಆಶ್ಚರ್ಯ ಏನಪ್ಪಾ ಅಂದರೆ, ತಿದ್ದುಪಡಿ ಜಾರಿಗೆ ಬಂದಿರುವುದು ಆರು ವರ್ಷದ ಹಿಂದಿನಿಂದ. ಹಾಗಾಗಿ ಮೋರಿಯ ಬಾಕಿ ತೆರಿಗೆ ಕಟ್ಟಿ, ಬಡ್ಡಿ ಸಮೇತ.

"ಅಂದ್ರೆ, ಈಗ ಮಾಡಿದ ಕಾನೂನು ಆವಾಗ್ಲೇ ಇತ್ತು ಅಂತಾನಾ?"

"ಇತ್ತು ಅಂತ ಭಾವಿಸಬೇಕಂತೆ."

"ಯಾರು ಭಾವಿಸ್ಬೇಕು?"

"ನೀನೇ."

ಅಣ್ಣ ನೋಟಿಸನ್ನು ನನ್ನ ಕೈಯಿಂದ ಇಸ್ಕೊಂಡು ಮಡಚಿದ. "ಭಾವಿಸೋಕೂ ಬಡ್ಡಿ ಹಾಕವ್ರಲ್ಲೇ."

ಉತ್ತರ ಬರೆಯೋ ಕೆಲಸ ನನ್ನದು. ಪಿಯುಸಿಯಿಂದಲೂ ನಮ್ಮ ಕೇರಿಯ ಅರ್ಜಿಗಳೆಲ್ಲ ನನ್ನ ಕೈಯಲ್ಲೇ ಆದವು. ಪಿಂಚಣಿಗೆ, ರೇಷನ್ ಕಾರ್ಡಿಗೆ, ಸುಟ್ಟುಹೋದ ಟ್ರಾನ್ಸ್‌ಫಾರ್ಮರಿಗೆ. ಅರ್ಧ ಗಂಟೆಯಲ್ಲಿ ಉತ್ತರ ಸಿದ್ಧವಾಯಿತು. ಅಣ್ಣ ಓದದೇ ಸಹಿ ಹಾಕಿದ. (ತಂಗಿಯ ಮೇಲಿನ ನಂಬಿಕೆ. ಟಗರಿನ ಮೇಲಿನದೂ ಇರಬಹುದು.) ಕಚೇರಿಗೆ ಹೋಗಿ ಕೊಟ್ಟು ಬಂದೆವು.

ವಾರ ಕಳೆದ ಮೇಲೆ ಹಿರಿಯೂರಿನಿಂದ ರಹಮತ್ ಸಾಬ್ರು ಬಂದರು. ಅವರೂ ಕಂಟ್ರಾಕ್ಟರು, ಅವರಿಗೂ ಇಂಥದ್ದೇ ನೋಟಿಸು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಣ್ಣ ಕಂಟ್ರಾಕ್ಟರುಗಳನ್ನೆಲ್ಲ ಕೂಡಿಸಿಕೊಂಡು, ಒಟ್ಟಿಗೆ ಹೈಕೋರ್ಟಿಗೆ ಹೋಗೋದು ಅವರ ಪ್ಲಾನು. ಹಿಂದಿನಿಂದ ತೆರಿಗೆ ಹಾಕುವುದು ಸರಿಯಾ ಅಂತ ಕೇಳೋದು. ಅಣ್ಣನನ್ನೂ ಸೇರಿಸಿಕೊಳ್ಳಲು ಬಂದಿದ್ದರು. ಒಬ್ಬೊಬ್ಬರೇ ವಕೀಲರನ್ನಿಡುವ ತಾಕತ್ತು ಇವರಲ್ಲಿ ಯಾರಿಗೂ ಇಲ್ಲ.

ನನ್ನ ಉತ್ತರದ ಪ್ರತಿ ಕೈಗೆ ತಗೊಂಡರು.

"ನೀನು ಬರೆದಿದ್ದೇನವ್ವ? ಅಕ್ಷರ ಮುತ್ತು ಪೋಣಿಸ್ದಂಗವೆ."

ನಾನು ಉಬ್ಬಿದೆ.

"ಆದ್ರೆ ಇದನ್ನ ನೋಡಿದ್ರೆ ನಮ್ಮ ವಕೀಲ್ರು ಎದೆ ಹಿಡ್ಕಂಡು ಕುಂತ್ಕಳ್ತಾರೆ." ಕೊನೆಯ ಪ್ಯಾರಾ ಜೋರಾಗಿ ಓದಿದರು: "'ತಿಳಿವಳಿಕೆಯಿಲ್ಲದೆ ನನ್ನಿಂದ ಆಗಿರುವ ಪ್ರಮಾದವನ್ನು ತಾವು ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕಾಗಿಯೂ, ತಾವು ಆದೇಶಿಸಿದಂತೆ ನಡೆದುಕೊಳ್ಳಲು ಸಿದ್ಧನಿರುವುದಾಗಿಯೂ ವಿನಂತಿ.' ತಿಪ್ಪೇಸ್ವಾಮಿ, ಯಾವ ಪ್ರಮಾದನಪ್ಪ? ಮೋರಿ ಕಟ್ಟಿದ್ದಾ?"

ಅಣ್ಣ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ರಹಮತ್ ಸಾಬ್ರು ಅಲ್ಲಿಂದಲೇ ವಕೀಲರಿಗೆ ಫೋನು ಮಾಡಿದರು. ತಪ್ಪಾಗಿದೆ, ಹೇಳಿದಂತೆ ಕೇಳ್ತೀನಿ ಅಂತ ಬರೆದುಕೊಟ್ಟವರನ್ನು ಸೇರಿಸಿಕೊಂಡರೆ ಉಳಿದವರ ಕೇಸೂ ಕೆಡುತ್ತೆ ಅಂದರಂತೆ. ಗುರುವಾರ ಕಚೇರಿಯಲ್ಲಿ ಅಣ್ಣನ ವಿಚಾರಣೆ. ಅಷ್ಟರೊಳಗೆ ಏನಾದರೂ ಮಾಡಿಕೊಂಡರೆ ಸರಿ, ಇಲ್ಲದಿದ್ದರೆ ಅವನು ಒಬ್ಬನೇ ಕಟ್ಟಬೇಕು.

ಅಣ್ಣ ಬೈಯಲಿಲ್ಲ. "ಮಿಕ್ಸರ್ ಕೊಳ್ಳಾಕೆ ಹೊಳಲ್ಕೆರೆಯಿಂದ ಒಬ್ಬ ಬರ್ತೀನಿ ಅಂದಿದ್ದ. ಬರ್ಲಿ ಬಿಡು" ಅಂದ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ಕೂತು ಯೋಚಿಸಿದೆ. ನಾನ್ಯಾಕೆ ಹಾಗೆ ಬರೆದೆ? ಬರೆಯುವಾಗ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಇಸ್ಕೂಲಲ್ಲಿ ಕಲಿತ ಮೊದಲ ಪತ್ರ ರಜಾಚೀಟಿ. ಜ್ವರ ಬಂದಿದ್ದಕ್ಕೆ ಕ್ಷಮೆ ಕೇಳೋದನ್ನು ಅಲ್ಲೇ ಕಲಿತೆವು. ಆಮೇಲೆ ಕರೆಂಟಿಲ್ಲ ಅಂತ ಬರೆದರೂ ಕ್ಷಮೆ, ಪಿಂಚಣಿ ಬಂದಿಲ್ಲ ಅಂತ ಬರೆದರೂ ಕ್ಷಮೆ. ಕುರಿಯವರ ಮಕ್ಕಳು ಆಫೀಸಿನ ಮೆಟ್ಟಿಲು ಹತ್ತುವಾಗ ಮೊದಲು ಚಪ್ಪಲಿ ಬಿಡುತ್ತಿದ್ದೆವು. ಚಪ್ಪಲಿ ಈಗ ಕಾಲಲ್ಲೇ ಇರುತ್ತೆ. ಬಿಟ್ಟು ಬರುವ ಚಾಳಿ ಕೈಬರಹಕ್ಕೆ ಹೋಗಿ ಸೇರಿಕೊಂಡಿದೆ.

ಗುರುವಾರ ಹೋದೆವು. ಅಧಿಕಾರಿ ಒಬ್ಬ ಮೇಡಂ. ಮೂಗಿನ ಮೇಲೆ ಕನ್ನಡಕ, ಮುಂದೆ ಫೈಲು, ಫೈಲಿನಲ್ಲಿ ನನ್ನ ಮುತ್ತಿನಂಥ ಅಕ್ಷರ.

"ಕೂತ್ಕೊಳ್ಳಿ. ಪ್ರಮಾದ ಆಗಿದೆ ಅಂತ ಬರೆದಿದ್ದೀರಿ. ಏನು ಪ್ರಮಾದ?"

"ಏನೂ ಇಲ್ಲ ಮೇಡಂ" ಅಂದ ಅಣ್ಣ. "ನಮ್ಮ ತಂಗಿ ಬರೆಯೋದೇ ಹಂಗೆ. ಮದುವೆ ಕಾಗದ ಬರೆಸಿದ್ರೂ ಕೊನೀಗೆ ಕ್ಷಮೆ ಕೇಳ್ತಾಳೆ."

ಮೇಡಂ ನನ್ನ ಕಡೆ ನೋಡಿದರು. ಬಿ.ಎ. ಪದವಿ ಅವತ್ತಿನಷ್ಟು ಭಾರ ಅನಿಸಿದ್ದು ಯಾವತ್ತೂ ಇಲ್ಲ.

"ಹಾಗಾದ್ರೆ ನೀವು ಹೇಳೋದೇನು?"

ಅಣ್ಣ ಕುರ್ಚಿಯ ತುದಿಗೆ ಬಂದ. "ಮೇಡಂ, ನಮ್ಮಪ್ಪ ಕುರಿಮಂದೆನ ಯಾರದಾರ ಹೊಲದಾಗೆ ನಿಲ್ಲಿಸೋಕೆ ಮೊದ್ಲೇ ಮಾತಾಡ್ತಿದ್ದ, ಗೊಬ್ಬರಕ್ಕೆ ರಾತ್ರಿಗಿಷ್ಟು ರಾಗಿ ಅಂತ. ಮಂದೆ ಎದ್ದು ಮುಂದಿನ ಊರಿಗೆ ಹೋತು, ರಾಗಿ ಮುದ್ದೆ ಆತು, ಉಂಡ್ವಿ. ಐದು ವರ್ಷ ಆದಮೇಲೆ ಹೊಲದವ್ನು ಬಂದು, ಆವತ್ತಿನ ರೇಟು ಬದಲಾಯಿಸೀನಿ, ಅರ್ಧ ರಾಗಿ ವಾಪಸ್ ಕೊಡು ಅಂದ್ರೆ? ಮೊದ್ಲೇ ಅಂದಿದ್ರೆ ನಾವು ಮಂದೆನ ಬ್ಯಾರೆ ಹೊಲಕ್ಕೆ ಹೊಡೀತಿದ್ವಲ್ಲ. ಈ ತೆರಿಗೆ ಗೊತ್ತಿದ್ರೆ ನಾನು ಟೆಂಡರ್‌ನಾಗೆ ಸೇರಿಸ್ತಿದ್ದೆ, ಇಲ್ಲಾ ಹಾಕ್ತಾನೇ ಇರ್ಲಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ಇಷ್ಟು ಚೆನ್ನಾಗಿ ಹೇಳ್ತೀರಲ್ಲ. ಇದನ್ನ ಬರೆಯೋದು ಬಿಟ್ಟು ಕ್ಷಮೆ ಯಾಕೆ ಬರೆದ್ರಿ?"

ಮತ್ತೆ ಎಲ್ಲರೂ ನನ್ನ ಕಡೆ.

"ಮೇಡಂ, ಆ ಪ್ಯಾರಾ ತೆಗೆಯಬಹುದಾ?"

"ಫೈಲಿಗೆ ಸೇರಿದ ಹಾಳೆ ತೆಗೆಯೋಕಾಗಲ್ಲ. ಹೆಚ್ಚುವರಿ ಉತ್ತರ ಕೊಡಬಹುದು. ಇವತ್ತಿನ ತಾರೀಖು ಹಾಕಿ ಕೊಡಿ. ಕಾನೂನು ನಾನು ಮಾಡಿದ್ದಲ್ಲ, ಅದನ್ನ ಕೋರ್ಟಲ್ಲಿ ಕೇಳ್ಕೊಳ್ಳಿ."

ಹೊರಗಿನ ಬೆಂಚಿನ ಮೇಲೆ ಕೂತು ಬರೆದೆ. ಅಣ್ಣ ಹೇಳಿದ ಹಾಗೇ, ಕುರಿಮಂದೆ ಸಮೇತ. ಆಮೇಲೆ ನೋಟಿಸು ತೆಗೆದು, ಅದರಲ್ಲಿದ್ದ ಒಂದು ಸಾಲನ್ನು ಕನ್ನಡಕ್ಕೆ ಇಳಿಸಿ ಕೊನೆಗೆ ಸೇರಿಸಿದೆ: "ನನ್ನ ಹಿಂದಿನ ಉತ್ತರದ ಕೊನೆಯ ಪ್ಯಾರಾವನ್ನು ಈ ಮೂಲಕ ಕೈಬಿಡಲಾಗಿದೆ. ಸದರಿ ತಿದ್ದುಪಡಿಯು ಹಿಂದಿನ ಉತ್ತರ ಸಲ್ಲಿಸಿದ ದಿನದಿಂದಲೇ ಜಾರಿಗೆ ಬಂದಿರುವುದಾಗಿ ಭಾವಿಸತಕ್ಕದ್ದು."

ಈ ಸಲ ಅಣ್ಣ ಪೂರ್ತಿ ಓದಿ, ಬೆರಳಿಟ್ಟು ಓದಿ, ಸಹಿ ಹಾಕಿದ. (ಬುದ್ಧಿ ಬಂದಿದೆ.)

ಮೇಡಂ ಕೊನೆಯ ಸಾಲಿಗೆ ಬಂದು ನಿಂತರು. "ಇದನ್ನ ಯಾರು ಹೇಳಿಕೊಟ್ರು?"

"ನಿಮ್ಮ ನೋಟಿಸೇ ಮೇಡಂ."

ಅವರು ನಕ್ಕರೋ ಕೆಮ್ಮಿದರೋ, ಫೈಲು ಅಡ್ಡ ಇತ್ತು, ಕಾಣಲಿಲ್ಲ. ಸೀಲು ಮಾತ್ರ ಜೋರಾಗಿ ಬಿತ್ತು.

ಸಂಜೆ ರಹಮತ್ ಸಾಬ್ರು ಫೋನು ಮಾಡಿದರು. ವಕೀಲರು ಎರಡು ಸಲ ಓದಿ, ಪಟ್ಟಿಯ ಕೊನೆಯಲ್ಲಿ ಅಣ್ಣನ ಹೆಸರು ಸೇರಿಸಿಕೊಂಡಿದ್ದಾರೆ. ಕೇಸು ಗೆಲ್ಲುತ್ತೋ ಸೋಲುತ್ತೋ ಗೊತ್ತಿಲ್ಲ. ಹಿಂದಿನಿಂದ ತೆರಿಗೆ ಹಾಕುವ ಅಧಿಕಾರ ಸರ್ಕಾರಕ್ಕೆ ಇದೆಯಂತೆ. ಎಷ್ಟು ಹಿಂದಕ್ಕೆ ಹೋಗಬಹುದು, ಯಾವ ಕಾರಣಕ್ಕೆ ಹೋಗಬಹುದು ಅನ್ನೋದೇ ಜಗಳವಂತೆ. ಸದ್ಯಕ್ಕೆ ಮಿಕ್ಸರ್ ಅಣ್ಣನ ಮನೆ ಮುಂದೆಯೇ ನಿಂತಿದೆ. ಹೊಳಲ್ಕೆರೆಯವನಿಗೆ ಬರಬೇಡ ಅಂತ ಹೇಳಿಯಾಗಿದೆ.

"ಟಗರು ಫೇಲಾಗಿತ್ತು, ಸಪ್ಲಿಮೆಂಟರೀಲಿ ಪಾಸಾತು" ಅಂದ ಅಣ್ಣ.

ಆದರೂ ಒಂದು ಮಾತು ಗಂಟಲಲ್ಲಿ ಉಳಿದಿದೆ. ಐದು ವರ್ಷದ ಹಿಂದೆ ಅಣ್ಣ ಕಾನೂನು ಹೇಳಿದಂತೆ ನಡೆದ. ಈಗ ಮನಸ್ಸು ಬದಲಾಯಿಸಿದ್ದು ಕಾನೂನು. ಕ್ಷಮೆ ಕೇಳಿದ್ದು ನಾವು. ನೋಟಿಸನ್ನು ತಿರುಗಿಸಿ ಮುರುಗಿಸಿ ಮೂರು ಸಲ ಓದಿದ್ದೇನೆ. 'ಪ್ರಮಾದವಾಗಿದೆ, ಮನ್ನಿಸಿ' ಅನ್ನೋದು ಅದರಲ್ಲಿ ಎಲ್ಲೂ ಇಲ್ಲ.

ಸರ್ಕಾರದ ಯಾವುದಾದರೂ ಕಾಗದದಲ್ಲಿ ಆ ಸಾಲು ನಿಮ್ಮ ಕಣ್ಣಿಗೆ ಬಿದ್ದರೆ ತಿಳಿಸಿ, ದೊಡ್ಡ ಮನಸ್ಸು ಮಾಡೋದು ನಮಗೂ ಬರುತ್ತೆ.